ಓಪಲಳ ಪೈ ಮತ್ತು ಬ್ಲೇಲಾಕ್ ಸಾಹೇಬರ ಕಣ್ಣೀರು

ಹ್ಯಾಸ್ಕಿನ್ಸ್‌ಗೆ ಹೊಸಬರು ಯಾರಾದರೂ ಬಂದು, ಕಾರಿನಿಂದ ಇಳಿದು, ಮೂಗಿಗೆ ಕೈ ಅಡ್ಡ ಹಿಡಿದು "ಇದೇನ್ರೀ ಕೊಳೆತ ಮೊಟ್ಟೆ ವಾಸನೆ?" ಅಂದರೆ ನಮ್ಮೂರಿನ ಎಲ್ಲರ ಬಾಯಲ್ಲೂ ಒಂದೇ ಉತ್ತರ ಸಿದ್ಧವಾಗಿರುತ್ತದೆ: "ಅದು ದುಡ್ಡಿನ ವಾಸನೆ." ಪಶ್ಚಿಮ ಟೆಕ್ಸಸ್‌ನಲ್ಲಿ ಎಣ್ಣೆಬಾವಿ ಇರುವ ಕಡೆಯೆಲ್ಲ ಇದೇ ಉತ್ತರ. ದುಡ್ಡು ಕಂಪನಿಗಳಿರುವ ಹೂಸ್ಟನ್‌ಗೆ ಹೋಗುತ್ತದೆ, ವಾಸನೆ ಇಲ್ಲೇ ಉಳಿಯುತ್ತದೆ ಎಂಬುದನ್ನು ಯಾರೂ ಸೇರಿಸುವುದಿಲ್ಲ. ಬಂದವರ ಮುಂದೆ ಊರಿನ ಮರ್ಯಾದೆ ತೆಗೆಯಬಾರದಲ್ಲ.

ಇಂಥ ಊರಿನಲ್ಲಿ ಮೂಗಿಗೆ ಹೆಸರಾಗಿದ್ದವಳು ಓಪಲ್ ಸ್ಟಕಿ. ಶಾಲೆಯ ಅಡುಗೆಮನೆಯಲ್ಲಿ ತಲೆ ನೆರೆಯುವ ತನಕ ದುಡಿದವಳು, ಮದುವೆಯಾದರೂ ಊರಿಗೆಲ್ಲ ಮರ್ಯಾದೆಯ "ಮಿಸ್ ಓಪಲ್". ಚರ್ಚಿನ ಊಟದ ದಿನ ಬಾಗಿಲಲ್ಲೇ ನಿಂತು, ಒಳಗೆ ಸಾಲಾಗಿ ಇಟ್ಟ ಪಾತ್ರೆಗಳ ಪೈಕಿ ಯಾರ ಹುರುಳಿಕಾಯಿ ತಳ ಹಿಡಿದಿದೆ, ಯಾರ ಕೋಳಿ ನಿನ್ನೆಯದು ಎಂದು ಹೇಳುತ್ತಿದ್ದಳು. ಮನಸ್ಸಿನಲ್ಲಿ ಹೇಳಿಕೊಂಡಿದ್ದರೆ ಪರವಾಗಿರಲಿಲ್ಲ, ಗಟ್ಟಿಯಾಗಿಯೇ ಹೇಳುತ್ತಿದ್ದಳು. ದೇವರಿಗೆ ಹೆದರದ ಹೆಂಗಸರೂ ಓಪಲಳ ಮೂಗಿಗೆ ಹೆದರುತ್ತಿದ್ದರು. ಹಿಟ್ಟಿನ ಹಾಳೆಯೊಳಗೆ ಪೆಕಾನ್ ಬೀಜ ತುಂಬಿ ಬೇಯಿಸುವ ಅವಳ ಸಿಹಿ ಪೈಗೆ ಅಳತೆಯೂ ಇರಲಿಲ್ಲ, ಗಡಿಯಾರವೂ ಇರಲಿಲ್ಲ. "ಬೆಂದಾಗ ಪೈ ತಾನೇ ಕರೆಯುತ್ತೆ" ಅನ್ನುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಅಂಗಡಿಯಿಂದ ಗಂಟೆ ಹೊಡೆಯುವ ಪುಟ್ಟ ಗಡಿಯಾರವೊಂದನ್ನು ತಂದು ಒಲೆಯ ಮೇಲಿಟ್ಟಳು. ನೆರೆಯವಳು ಕೇಳಿದಾಗ "ಕಾಲಕ್ಕೆ ತಕ್ಕ ಹಾಗೆ ನಾವೂ ಬದಲಾಗ್ಬೇಕು ಕಣೇ" ಅಂದಳು. ಯಾಕೆ ಬೇಕಾಯಿತು ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಅವಳ ಗಂಡ ವರ್ಲಿನ್ ಎಣ್ಣೆಬಾವಿಗಳ ಪೈಪಿಗೆ ಬೆಸುಗೆ ಹಾಕಿ ಹಾಕಿ ನಿವೃತ್ತನಾದವನು. ಈಗ ಅವನಿಗೆ ಉಳಿದಿರುವ ಕೆಲಸ ಮೀಸೆ ಮೀನು ಹಿಡಿಯುವುದೊಂದೇ. ಬೆಳಿಗ್ಗೆ ಎದ್ದವನೇ ಗಾಳದ ಕೋಲು ಹೆಗಲಿಗೇರಿಸಿ ಹಿತ್ತಿಲ ಬೇಲಿ ಪಕ್ಕದ ಕಾಲುದಾರಿಯಲ್ಲಿ ಕೆರೆಯತ್ತ ಹೊರಡುತ್ತಾನೆ. ಬೇಲಿಯಾಚೆ ಕಂಪನಿಯ ಎಣ್ಣೆ ಟ್ಯಾಂಕುಗಳು. ಜಮೀನೇನೋ ಸ್ಟಕಿಯವರದೇ. ಆದರೆ ವರ್ಲಿನ್‌ನ ಅಜ್ಜ ಒಂದು ಕೆಟ್ಟ ವರ್ಷದಲ್ಲಿ ನೆಲದಡಿಯ ಹಕ್ಕನ್ನು ಒಂದು ಜೊತೆ ಹೇಸರಗತ್ತೆಗೆ ಮಾರಿಬಿಟ್ಟಿದ್ದ. ನಮ್ಮಲ್ಲಿ ಹಾಗೆ ಮಾರಬಹುದು. ಮೇಲಿನ ಮಣ್ಣು ಒಬ್ಬನದು, ಕೆಳಗಿನ ಎಣ್ಣೆ ಇನ್ನೊಬ್ಬನದು. ಹೇಸರಗತ್ತೆಗಳು ಸತ್ತು ಮಣ್ಣಾದವು, ಹಕ್ಕು ಕೈಯಿಂದ ಕೈಗೆ ದಾಟಿ ಕಂಪನಿಯ ಹೊಟ್ಟೆ ಸೇರಿತು. ನಡುವಿನ ಗಾಳಿ ಯಾರದ್ದು ಎಂದು ಅಜ್ಜನೂ ಬರೆಸಲಿಲ್ಲ, ಕಂಪನಿಯೂ ಕೇಳಲಿಲ್ಲ.

ಆ ಟ್ಯಾಂಕುಗಳಲ್ಲಿ ಒಂದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಮೊದಲು ಸತ್ತದ್ದು ಬೇಲಿ ಹತ್ತಿರದ ಗೂಡಿನಲ್ಲಿದ್ದ ಕೋಳಿಗಳು. ಒಂದು ಬೆಳಿಗ್ಗೆ ನೋಡಿದರೆ ಎಲ್ಲವೂ ಕಾಲು ಮೇಲೆ ಮಾಡಿ ಬಿದ್ದಿದ್ದವು. ವರ್ಲಿನ್ "ತೋಳ ಇರ್ಬೇಕು" ಅಂದ.

"ತೋಳ ಬಂದು, ಕೋಳಿನ ಕಚ್ಚದೆ, ಬರೀ ಗುಡ್‌ನೈಟ್ ಹೇಳಿ ಹೋಯ್ತಾ?" ಎಂದಳು ಓಪಲ್.

ಆಮೇಲೆ, ಗಾಳಿ ಅಲ್ಲಾಡದ ಒಂದು ಬೆಳಿಗ್ಗೆ, ಅದೇ ಬೇಲಿ ಪಕ್ಕ ವರ್ಲಿನ್ ಬಿದ್ದ. ಕಡಿದ ಮರ ಬಿದ್ದ ಹಾಗೆ ಬಿದ್ದದ್ದನ್ನು ಅಡುಗೆಮನೆ ಕಿಟಕಿಯಿಂದ ಓಪಲ್ ಕಣ್ಣಾರೆ ಕಂಡಳು. ಅವಳು ಓಡಿ ಹೋಗಿ, ಕಂಕುಳಿಗೆ ಕೈ ಕೊಟ್ಟು, ಮನೆಯ ಮೆಟ್ಟಿಲ ತನಕ ಎಳೆದು ತಂದ ಮೇಲೆ ಬಾಯಲ್ಲಿದ್ದ ಮಣ್ಣು ಉಗುಳಿ ಕಣ್ಣು ಬಿಟ್ಟ. ಡಾಕ್ಟರು ನೋಡಿ "ವಯಸ್ಸಾಯ್ತಲ್ಲ" ಅಂದರು. ಅಂದಿನಿಂದ ಪ್ರತಿ ಬೆಳಿಗ್ಗೆ ವರ್ಲಿನ್ ಆ ಬೇಲಿ ದಾಟಿ ಕೆರೆ ಮುಟ್ಟುವ ತನಕ ಓಪಲ್ ಕಿಟಕಿ ಬಿಟ್ಟು ಕದಲುವುದಿಲ್ಲ. ಬೇರೆ ದಾರಿಯಲ್ಲಿ ಹೋಗು ಅಂದರೆ ಅವನು ಕೇಳುವವನಲ್ಲ. ಅಪ್ಪ ನಡೆದ ದಾರಿಯಂತೆ. ಓಪಲಳಿಗೆ ಬೇಕಾದದ್ದು ಇಷ್ಟೇ, ಆ ಮುಚ್ಚಳ ಮುಚ್ಚಬೇಕು. ಇಲ್ಲದಿದ್ದರೆ ಒಂದು ದಿನ ತಾನು ಓಡಿ ಹೋಗುವುದು ತಡವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ವಾಷಿಂಗ್ಟನ್‌ನಿಂದ ಒಂದು ನಿಯಮ ಬಂತು. ಬಾವಿ, ಟ್ಯಾಂಕು, ಪೈಪು ಎಲ್ಲಿ ಗ್ಯಾಸ್ ಸೋರುತ್ತಿದೆ ಎಂದು ತಪಾಸಣೆ ಮಾಡಬೇಕು, ಸೋರಿದರೆ ಕಂಪನಿ ರಿಪೇರಿ ಮಾಡಲೇಬೇಕು. ಬರಿಗಣ್ಣಿಗೆ ಕಾಣದ ಗ್ಯಾಸನ್ನು ತೋರಿಸುವ ಕ್ಯಾಮೆರಾ ಹಿಡಿದ ಒಬ್ಬ ಮನುಷ್ಯ ಬಂದ. ಓಪಲ್ ಅವನಿಗೆ ತಣ್ಣನೆ ಟೀ ಕೊಟ್ಟು ಪಕ್ಕದಲ್ಲೇ ನಿಂತಳು. ಕ್ಯಾಮೆರಾದೊಳಗೆ ಟ್ಯಾಂಕಿನ ನೆತ್ತಿಯಿಂದ ಕಪ್ಪು ಹೊಗೆ ಎದ್ದು, ಬೇಲಿ ದಾಟಿ, ಇವಳ ಮನೆಯ ಸೂರಿನ ಮೇಲೆ ಮಲಗಿತ್ತು.

"ಇದೆಲ್ಲಾ ನಮ್ಮನೆ ಮೇಲೇನಾ?" ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಮುಚ್ಚಳ ಸರಿಮಾಡಲು ಕಂಪನಿಗೆ ಗಡುವು ಬಿತ್ತು. ಓಪಲ್ ಆ ರಾತ್ರಿ ವರ್ಲಿನ್‌ಗೆ ಎರಡು ತುಂಡು ಮಾಂಸ ಹೆಚ್ಚಿಗೆ ಬಡಿಸಿದಳು.

ಗಡುವು ಮುಗಿಯುವ ಮೊದಲೇ ನಿಯಮ ಮುಗಿಯಿತು. ನಮ್ಮ ಕ್ಷೇತ್ರದ ಪ್ರತಿನಿಧಿ ಟ್ರಾವಿಸ್ ಬ್ಲೇಲಾಕ್ ಸಾಹೇಬರು ಮತ್ತು ಅವರ ಗೆಳೆಯರು ವಾಷಿಂಗ್ಟನ್‌ನಲ್ಲಿ ಕೂತು ಕೈಯೆತ್ತಿ ಅದನ್ನು ರದ್ದು ಮಾಡಿದರು. ಬರೀ ರದ್ದಲ್ಲ, ಮುಂದೆಂದೂ ಅಂಥ ನಿಯಮ ಯಾರೂ ತರದಂತೆಯೂ ಮಾಡಿದರು. ಹೆಣ ಹೂಳಿದ್ದು ಸಾಲದೆ ಎದ್ದು ಬಂದೀತೆಂದು ಮೇಲೊಂದು ಬಂಡೆ ಹೇರಿದರು. ಟೀವಿಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡದ್ದನ್ನು ನೋಡಿದರೆ, ದೇಶಕ್ಕೆ ಮತ್ತೊಮ್ಮೆ ಸ್ವಾತಂತ್ರ್ಯ ಬಂದಿದೆಯೇನೋ ಅನ್ನಿಸುವಂತಿತ್ತು. ಓಪಲ್ ಬ್ಲೇಲಾಕರಿಗೆ ಪ್ರತಿ ಸಲವೂ ಮತ ಹಾಕಿದ್ದಳು. ಹ್ಯಾಸ್ಕಿನ್ಸ್‌ನಲ್ಲಿ ಇನ್ನೊಬ್ಬರಿಗೆ ಮತ ಹಾಕುವುದೆಂದರೆ ಮದುವೆ ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಅವರ ನಗುಮುಖದ ಫಲಕ ಇವಳ ಅಂಗಳದಲ್ಲೇ, ಬೇಲಿಯ ಬುಡದಲ್ಲೇ, ಟ್ಯಾಂಕಿಗೆ ಬೆನ್ನು ಹಾಕಿ ನಿಂತಿತ್ತು.

ಆದರೂ ಓಪಲ್ ಎದೆಗುಂದಲಿಲ್ಲ. ಯಾಕೆಂದರೆ ಅವಳ ಕೈಯಲ್ಲಿ ಪೈ ಇತ್ತು.

ನಮ್ಮೂರಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ದಳಕ್ಕೆ ಹಣ ಕೂಡಿಸಲು ಪ್ರತಿ ಅಕ್ಟೋಬರ್‌ನಲ್ಲಿ ಪೈಗಳ ಹರಾಜು ನಡೆಯುತ್ತದೆ. ಅದಕ್ಕೊಂದು ಕಟ್ಟಳೆಯಿದೆ. ಪೈ ಕೊಂಡವನು ಮೊದಲ ತುಂಡನ್ನು ವೇದಿಕೆಯ ಮೇಲೆ, ಮಾಡಿದವಳ ಪಕ್ಕ ಕೂತು ತಿನ್ನಬೇಕು. ತಟ್ಟೆಯಲ್ಲಿ ತುಂಡು ಇರುವಷ್ಟು ಹೊತ್ತು ಅವಳು ಏನು ಹೇಳಿದರೂ ಕೇಳಬೇಕು, ನಡುವೆ ಬಾಯಿ ಹಾಕುವಂತಿಲ್ಲ. ತಟ್ಟೆ ಖಾಲಿಯಾದರೆ ಪಿಟೀಲು ಶುರು, ಮಾತು ಬಂದ್. ಸಾಲಗಾರನಿಂದ ಹಿಡಿದು ಮದುವೆಯಾಗದ ಪ್ರೇಮಿಯವರೆಗೆ ಎಷ್ಟೋ ಜನ ಆ ಕುರ್ಚಿಯಲ್ಲಿ ಬೆವರಿದ್ದಾರೆ. ಓಪಲಳ ಪೈಯನ್ನು ಪ್ರತಿವರ್ಷ ಕೊಳ್ಳುವವರು ಬ್ಲೇಲಾಕ್ ಸಾಹೇಬರು, ಫೋಟೋಗೆ ಚೆನ್ನ. ಒಂದು ವರ್ಷ ಅವಳು ಶಾಲೆಯ ಮುಂದಿನ ರಸ್ತೆಗೆ ಸಿಗ್ನಲ್ ದೀಪ ಕೇಳಿ ಹಾಕಿಸಿಕೊಂಡಿದ್ದಳು. ಅದರಿಂದ ಪಾಠ ಕಲಿತ ಸಾಹೇಬರು ಆಮೇಲೆ ನಾಲ್ಕೇ ತುತ್ತಿಗೆ ತಟ್ಟೆ ಬರಿದು ಮಾಡುವುದನ್ನು ರೂಢಿಸಿಕೊಂಡರು. ಹೋದ ವರ್ಷ "ಸಾಹೇಬ್ರೇ, ನಮ್ಮ ಮನೆ ಹಿಂದೆ ಒಂದು ಟ್ಯಾಂಕು..." ಅನ್ನುವಷ್ಟರಲ್ಲಿ ಪಿಟೀಲು ಶುರುವಾಗಿತ್ತು.

ಈ ಸಲ ಪೈ ದಪ್ಪಗಿರಬೇಕು, ನಿಧಾನಕ್ಕೆ ಇಳಿಯಬೇಕು ಎಂದುಕೊಂಡು ಓಪಲ್ ಫ್ರಿಜ್ ತೆರೆದಳು. ಅದರೊಳಗೆ ನಮ್ಮೂರಿನ ಎಲ್ಲ ಫ್ರಿಜ್‌ಗಳಲ್ಲಿ ಇರುವಂತೆ ಮಾರ್ಗರೀನ್ ಎಂಬ ಬದಲಿ ಬೆಣ್ಣೆಯ ಹಳದಿ ಡಬ್ಬಿಗಳ ರಾಶಿ. ಅವುಗಳಲ್ಲಿ ಮಾರ್ಗರೀನ್ ಒಂದು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ಒಂದರಲ್ಲಿ ಪೈ ಹಿಟ್ಟಿಗೆ ಕಲಸುವ ಒಳ್ಳೆಯ ಹಂದಿ ನೆಣ. ಇನ್ನೊಂದರಲ್ಲಿ ವರ್ಲಿನ್‌ನ ಗಾಳದ ಎರೆ. ಅದೂ ಹಂದಿ ನೆಣವೇ, ಆದರೆ ಬೇಸಿಗೆಯೆಲ್ಲ ಬಿಸಿಲಿಗಿಟ್ಟು ಹಳಸಿ, ಬೆಳ್ಳುಳ್ಳಿ ಜಜ್ಜಿ, ಕೊಳೆತ ಮೀನಿನ ಎಣ್ಣೆ ಬೆರೆಸಿದ್ದು. ಮೀಸೆ ಮೀನಿಗೆ ನಾತ ಹೆಚ್ಚಿದಷ್ಟೂ ಪ್ರೀತಿ. ಕೊಕ್ಕೆಗೆ ಗಟ್ಟಿಯಾಗಿ ಕೂರಲಿ ಎಂದು ಅದನ್ನೂ ಫ್ರಿಜ್‌ನಲ್ಲೇ ಇಡುತ್ತಿದ್ದ. ಎರಡೂ ಬೆಳ್ಳಗೆ, ಎರಡೂ ಮೆತ್ತಗೆ. ಇಷ್ಟು ವರ್ಷದ ಸಂಸಾರದಲ್ಲಿ ಯಾವ ಡಬ್ಬಿಯ ಮೇಲೂ ಹೆಸರು ಬರೆದದ್ದಿಲ್ಲ. ಮುಚ್ಚಳ ಸಡಿಲಿಸಿದರೆ ಸಾಕು, ಮೂಗು ಹೇಳುತ್ತಿತ್ತು.

ಓಪಲ್ ಮುಂದಿದ್ದ ಡಬ್ಬಿ ತೆಗೆದಳು. ಮೂಗು ಏನೂ ಹೇಳಲಿಲ್ಲ. ಏನೂ ಹೇಳಲಿಲ್ಲ ಅಂದರೆ ಒಳ್ಳೆಯದೇ ಎಂದುಕೊಂಡು ಹಿಟ್ಟಿಗೆ ಕಲಸಿದಳು. ಅದು ಎರೆ.

ಹರಾಜಿನ ದಿನ ದಳದ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ಲೇಲಾಕ್ ಸಾಹೇಬರು ಹೊಸ ಹ್ಯಾಟು, ಹೊಸ ಬೂಟು ಹಾಕಿಕೊಂಡು, ಅಪ್ಪಟ ದನಗಾಹಿಯ ವೇಷದಲ್ಲಿ ವಿಮಾನದಿಂದ ಇಳಿದು ಬಂದಿದ್ದರು. ವೇದಿಕೆ ಹತ್ತಿ ಕೈಯೆತ್ತಿದರು.

"ಆ ನಿಯಮ ಸತ್ತೋಯ್ತು! ನಾನೇ ಕೊಂದೆ!" ಚಪ್ಪಾಳೆ. "ವಾಷಿಂಗ್ಟನ್‌ನೋರ ಮೂಗಿಗೆ ಹ್ಯಾಸ್ಕಿನ್ಸ್ ನಾರುತ್ತಂತೆ. ನಾನು ಇಲ್ಲೇ ಹುಟ್ಟಿದೋನು ಕಣ್ರಪ್ಪ. ಇಲ್ಲಿ ನಂಗೆ ಯಾವ ಕೆಟ್ಟ ವಾಸನೇನೂ ಬರಲ್ಲ. ಇಲ್ಲಿ ಏನೋ ನಾರ್ತಿದೆ ಅಂತ ನನ್ನ ಬಾಯಲ್ಲಿ ಬಂದ ದಿನ ನಂಗೆ ಮತ ಹಾಕ್ಬೇಡಿ!"

ಮತ್ತೆ ಚಪ್ಪಾಳೆ. ದಳದ ಮುಖ್ಯಸ್ಥ ಗಿಲ್ಬರ್ಟೊ ಒಲಿವಾಸ್ ಹರಾಜು ಕೂಗಿದ. ಕಂಪನಿಯ ಸ್ಥಳೀಯ ಮ್ಯಾನೇಜರ್ ಕೆಂಡ್ರಿಕ್ ಮರ್ಯಾದೆಗೆಂದು ಎರಡು ಸಲ ಬೆಲೆ ಏರಿಸಿ, ಅದೇ ಮರ್ಯಾದೆಯಿಂದ ಸುಮ್ಮನಾದ. ಪೈ ಸಾಹೇಬರದಾಯಿತು. ಓಪಲ್ ದಪ್ಪಗೆ ಒಂದು ತುಂಡು ಕುಯ್ದು ತಟ್ಟೆಗಿಟ್ಟಳು.

ಸಾಹೇಬರು ತುತ್ತನ್ನು ಬಾಯಿಯ ಹತ್ತಿರ ತಂದರು, ಕೈ ಅಲ್ಲೇ ನಿಂತಿತು. ತಟ್ಟೆ ನೋಡಿದರು, ಓಪಲಳನ್ನು ನೋಡಿದರು, ಎದುರಿಗೆ ನೆರೆದ ಇಡೀ ಕ್ಷೇತ್ರವನ್ನು ನೋಡಿದರು. ಇಡೀ ಶೆಡ್ಡಿನಲ್ಲಿ ವರ್ಷದ ಬಹುಪಾಲು ವಾಷಿಂಗ್ಟನ್‌ನಲ್ಲಿ ಕಳೆಯುವ ಮೂಗು ಅದೊಂದೇ. ಈಗಷ್ಟೇ ಆಡಿದ ಮಾತು ಇನ್ನೂ ಮೈಕಿನಲ್ಲಿ ಬಿಸಿಯಾಗಿತ್ತು. ಕಣ್ಣು ಮುಚ್ಚಿ ಬಾಯಿಗಿಟ್ಟರು. ಉಗುಳಲಾರದ, ನುಂಗಲಾರದ ಬಿಸಿ ತುಪ್ಪ ಅನ್ನುತ್ತಾರಲ್ಲ, ಅದನ್ನು ಹ್ಯಾಸ್ಕಿನ್ಸ್‌ನ ಜನ ಅಂದು ಕಣ್ಣೆದುರೇ ಕಂಡರು, ಕಂಡದ್ದು ಏನೆಂದು ಮಾತ್ರ ಅವರಿಗೆ ತಿಳಿಯಲಿಲ್ಲ.

"ಸಾಹೇಬ್ರೇ, ನಮ್ಮ ಮನೆ ಹಿಂದೆ ಒಂದು ಟ್ಯಾಂಕಿದೆ" ಎಂದು ಓಪಲ್ ಅವಸರವಾಗಿ ಶುರುಮಾಡಿದಳು. ನಾಲ್ಕು ತುತ್ತಿನೊಳಗೆ ಮುಗಿಸಬೇಕಲ್ಲ. ಆದರೆ ಸಾಹೇಬರು ಮೊದಲ ತುತ್ತಿನಲ್ಲೇ ಇದ್ದರು. ಅವಳು ಕೋಳಿಗಳ ವಿಷಯ ಹೇಳಿದಳು. ಸಾಹೇಬರ ಕಣ್ಣಿನಲ್ಲಿ ನೀರಾಡಿತು. ಓಪಲ್‌ಗೆ ಆಶ್ಚರ್ಯವಾಯಿತು, ಕೋಳಿಗೆ ಅಳುವ ರಾಜಕಾರಣಿಯನ್ನು ಅವಳು ಕಂಡಿರಲಿಲ್ಲ. ಧೈರ್ಯ ಬಂತು. ಮಾತು ನಿಧಾನಿಸಿ, ವರ್ಲಿನ್ ಬಿದ್ದದ್ದು, ತಾನು ಎಳೆದು ತಂದದ್ದು, ಅವನ ಬಾಯ ಮಣ್ಣು, ಪ್ರತಿ ಬೆಳಿಗ್ಗೆಯ ಕಿಟಕಿ, ಎಲ್ಲ ಹೇಳಿದಳು. ಸಾಹೇಬರ ಕೆನ್ನೆ ಮೇಲೆ ಧಾರೆಧಾರೆಯಾಗಿ ನೀರಿಳಿಯಿತು. ಗಂಟಲು ಏರುತ್ತಿತ್ತು, ಇಳಿಯುತ್ತಿತ್ತು. ಹಿಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು.

"ಆ ಮುಚ್ಚಳ ಹಾಕಿಸ್ತೀರಾ?"

ಸಾಹೇಬರು ತಲೆಯಾಡಿಸಿದರು.

"ಬಾಯಿ ಬಿಟ್ಟು ಹೇಳಿ ಸಾಹೇಬ್ರೇ. ಎಲ್ರೂ ಕೇಳ್ಲಿ."

"ನಾಳೇನೇ... ಕೆಂಡ್ರಿಕ್‌ಗೆ ಹೇಳ್ತೀನಿ... ನಿಮ್ಮ ಮನೆಗೇ ಕಳಿಸ್ತೀನಿ ಮಿಸ್ ಓಪಲ್" ಎಂದು ಬಿಕ್ಕಿದ ಸಾಹೇಬರು ಕೊನೆಯ ತುತ್ತನ್ನು ನುಂಗಿ, ಬಾಯಿಗೆ ಕೈ ಅಡ್ಡ ಹಿಡಿದು, ಪಿಟೀಲು ಶುರುವಾಗುವ ಮೊದಲೇ ಹಿಂಬಾಗಿಲಿನಿಂದ ಹೊರಗೆ ಓಡಿದರು. "ಪಾಪ, ಮನಸ್ಸು ಮೆತ್ತಗೆ" ಎಂದು ಜನ ಕೊಂಡಾಡಿದರು. ಉಳಿದ ಪೈ ಎಲ್ಲರಿಗೂ ಹಂಚಿಕೆಯಾಯಿತು. ಕೆಂಡ್ರಿಕ್ ಎರಡು ಸಲ ಹಾಕಿಸಿಕೊಂಡ. ಗಿಲ್ಬರ್ಟೊ ತಟ್ಟೆ ನೆಕ್ಕಿ "ಮಿಸ್ ಓಪಲ್, ಈ ಸಲದ್ದು ಬೊಂಬಾಟಾಗಿದೆ, ಮುಂದಿನ ಸಲಾನೂ ಇದೇ ಥರ ಮಾಡಿ" ಅಂದ. ಓಪಲ್ ಅಂದು ಹೆಮ್ಮೆಯಿಂದ ನಿದ್ದೆ ಮಾಡಿದಳು.

ಮರುದಿನ ಭಾನುವಾರ. ಚರ್ಚು ಮುಗಿಸಿ ಕೆರೆಗೆ ಹೋದ ವರ್ಲಿನ್ ಸಂಜೆ ಬರಿಗೈಲಿ ಬಂದ.

"ಮೀನಿಗೆ ಏನೋ ರೋಗ ಬಂದಿದೆ. ಒಂದೂ ಮೂಸಿ ನೋಡ್ಲಿಲ್ಲ" ಎಂದು ಎರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಓಪಲ್ ಅದರೊಳಗೆ ನೋಡಿದಳು. ಬೆಣ್ಣೆಯಂಥ ಅಚ್ಚ ಬಿಳಿ ನೆಣ. ಬೆಳ್ಳುಳ್ಳಿಯ ಒಂದು ಚೂರೂ ಇಲ್ಲ. ಫ್ರಿಜ್‌ನಲ್ಲಿ ಉಳಿದಿದ್ದ ತನ್ನ ಡಬ್ಬಿ ತೆಗೆದಳು. ಅದರ ತುಂಬ ಬೆಳ್ಳುಳ್ಳಿ ಚೂರು. ಹಿಟ್ಟು ಕಲಸುವಾಗ ಅವಳು ಅದನ್ನು ಪೆಕಾನ್ ಪುಡಿ ಎಂದುಕೊಂಡಿದ್ದಳು. ಮೂಗಿಗೆ ಹಿಡಿದಳು. ಏನೂ ಇಲ್ಲ.

"ಮೂಸು" ಎಂದು ವರ್ಲಿನ್‌ಗೆ ಕೊಟ್ಟಳು. ಅವನು ಮೂಸಿ "ಏನು?" ಅಂದ.

ಓಪಲ್ ಎದ್ದು ಕಾಫಿ ಡಬ್ಬಿ ತೆರೆದಳು, ಈರುಳ್ಳಿ ಕುಯ್ದಳು, ಬಚ್ಚಲು ತೊಳೆಯುವ ಬ್ಲೀಚಿನ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಕಣ್ಣು ಉರಿಯಿತು, ವಾಸನೆ ಇಲ್ಲ. ಕೊನೆಗೆ ಬಾಗಿಲ ಹಿಂದೆ ತೂಗುಬಿಟ್ಟಿದ್ದ ವರ್ಲಿನ್‌ನ ಹಳೇ ಅಂಗಿಯಲ್ಲಿ ಮುಖ ಹುದುಗಿಸಿದಳು. ಮದುವೆಯಾದಾಗಿನಿಂದ ಕಬ್ಬಿಣ, ಬೆವರು, ಹೊಗೆಸೊಪ್ಪು ಬೆರೆತ ಆ ವಾಸನೆಯಲ್ಲೇ ಅವಳು ಬದುಕಿದ್ದಳು. ಈಗ ಅದು ಬರೀ ಬಟ್ಟೆ. ಅಲ್ಲಿಯೇ ನಿಂತು ಅತ್ತಳು.

"ನಿಂಗೆ ಯಾವಾಗಿಂದ ವಾಸನೆ ಗೊತ್ತಾಗ್ತಿಲ್ಲ?" ಎಂದು ಕೇಳಿದಳು.

"ನೀನು ಈಚೆಗೆ ಸಪ್ಪೆ ಅಡುಗೆ ಮಾಡ್ತಿದೀಯ ಅಂದ್ಕೊಂಡಿದ್ದೆ. ಬೇಜಾರು ಮಾಡ್ಕೋತೀಯ ಅಂತ ಹೇಳ್ಲಿಲ್ಲ ಕಣೇ."

ಈಚೆಗೆ ಊರಲ್ಲಿ ಎಲ್ಲರೂ "ವಾಸನೆ ಎಷ್ಟೋ ಕಮ್ಮಿಯಾಗಿದೆ, ಕಂಪನಿಯೋರು ಏನೋ ಮಾಡಿರ್ಬೇಕು" ಅನ್ನುತ್ತಿದ್ದದ್ದು ಅವಳಿಗೆ ನೆನಪಾಯಿತು. ಶೆಡ್ಡಿನಲ್ಲಿ ತಟ್ಟೆ ನೆಕ್ಕಿದ ಜನ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಅವರ ಪೈಕಿ ಒಬ್ಬರೂ ಮುಖ ಸಿಂಡರಿಸಿರಲಿಲ್ಲ. ಕಮ್ಮಿಯಾಗಿದ್ದು ಗ್ಯಾಸಲ್ಲ, ಆ ಗ್ಯಾಸು ಊರಿನ ಮೂಗನ್ನೇ ಕೊಂದಿತ್ತು. ಸಾಹೇಬರು ಅತ್ತದ್ದು ಯಾಕೆಂದೂ ಈಗ ಹೊಳೆಯಿತು.

ಸೋಮವಾರ ಬೆಳಿಗ್ಗೆ ಕಂಪನಿಯ ಗಾಡಿ ಬಂತು. ಸಾಹೇಬರು ಮಾತು ಉಳಿಸಿಕೊಂಡಿದ್ದರು. ಅತ್ತದ್ದು ಯಾಕಾದರೂ ಇರಲಿ, ಮುಚ್ಚಳ ಬಂದರೆ ಸಾಕು ಎಂದು ಓಪಲ್ ಅಂಗಳಕ್ಕೆ ಓಡಿದಳು. ಕೆಂಡ್ರಿಕ್ ಇಳಿದು, ಬೇಲಿಗೆ, ಬ್ಲೇಲಾಕರ ನಗುಮುಖದ ಪಕ್ಕದಲ್ಲೇ, ಹೊಳೆಯುವ ಹೊಸ ಫಲಕವೊಂದನ್ನು ಬಿಗಿದ. ಕೆಂಪು ಅಕ್ಷರದಲ್ಲಿ ಬರೆದಿತ್ತು: ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೂಡಲೇ ಈ ನಂಬರಿಗೆ ಫೋನ್ ಮಾಡಿ.

"ಮುಚ್ಚಳ ಎಲ್ಲಿ?"

"ಮುಚ್ಚಳಕ್ಕೆ ಈಗ ನಿಯಮಾನೇ ಇಲ್ವಲ್ಲ ಮಿಸ್ ಓಪಲ್. ಆದ್ರೂ ಸಾಹೇಬ್ರು ಖುದ್ದು ಫೋನ್ ಮಾಡಿ, ನಿಮಗೋಸ್ಕರ ಇದನ್ನ ಮಾಡ್ಸಿದಾರೆ. ಸುತ್ತಮುತ್ತ ಯಾರಿಗೂ ಹಾಕಿಲ್ಲ."

ನಮ್ಮ ಮೂಗಿಗೆ ತುಪ್ಪ ಸವರುವುದರಲ್ಲಿ ಸಾಹೇಬರು ಮೊದಲಿಂದಲೂ ನಿಸ್ಸೀಮರು. ಓಪಲ್ ಜಗಳವಾಡಲಿಲ್ಲ. ಒಳಗೆ ಹೋಗಿ ಉಳಿದಿದ್ದ ಎರೆಯ ಡಬ್ಬಿ ತಂದು ಕೆಂಡ್ರಿಕ್‌ನ ಮುಂದೆ ಹಿಡಿದಳು. ಶಾಲೆಯಲ್ಲಿ ಅವನಿಗೆ ವರ್ಷಾನುಗಟ್ಟಲೆ ಊಟ ಬಡಿಸಿದ ಕೈ ಅದು.

"ಮಗಾ, ಈ ನೆಣ ಹೆಂಗಿದೆ, ಮೂಸಿ ಹೇಳು."

ಅವನು ಡಬ್ಬಿಗೆ ಮೂಗಿಟ್ಟು ಆಳವಾಗಿ ಉಸಿರೆಳೆದ. "ತಾಜಾ ಇದೆ. ಯಾಕೆ?"

"ಇದು ವರ್ಲಿನ್ ಗಾಳದ ಎರೆ. ಬೇಸಿಗೆಯಿಂದ ಕೊಳೀತಿದೆ. ಮೊನ್ನೆ ನೀನು ಎರಡು ಸಲ ಹಾಕಿಸ್ಕೊಂಡಿದ್ದು ಇದನ್ನೇ."

ಕೆಂಡ್ರಿಕ್ ನಗಲು ಹೋದ. ಆಮೇಲೆ ಮತ್ತೆ ಮೂಸಿದ. ಮತ್ತೊಮ್ಮೆ. ಮುಖದ ಬಣ್ಣ ಇಳಿಯಿತು. ತಾನೇ ಬಿಗಿದ ಫಲಕವನ್ನು ಮೊದಲ ಸಲ ಓದುವವನ ಹಾಗೆ ಓದಿದ. ಅವನಿಗೆ ಇಬ್ಬರು ಚಿಕ್ಕ ಮಕ್ಕಳು, ಮನೆ ಟ್ಯಾಂಕುಗಳಿಂದ ದೂರವೇನಲ್ಲ. ಗಾಡಿ ಹತ್ತಿ ಕೂತ. ಕಿಟಕಿಯೊಳಗೆ ತನ್ನ ಊಟದ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದದ್ದು ಓಪಲ್‌ಗೆ ಕಂಡಿತು. ಬಹಳ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಹೊರಟುಹೋದ. ಮುಚ್ಚಳ ಇವತ್ತಿಗೂ ಹಾಗೇ ಇದೆ.

ಮುಂದಿನ ಹರಾಜಿಗೂ ಅದೇ ಪೈ ಎಂದು ಓಪಲ್ ಗಿಲ್ಬರ್ಟೊಗೆ ಮಾತು ಕೊಟ್ಟಿದ್ದಾಳೆ. ಹೊಸ ನೆಣವನ್ನು ವರ್ಲಿನ್ ಬಿಸಿಲಿಗಿಡುತ್ತಾನಂತೆ, ಎರಡು ಡಬ್ಬಿ. ಆದರೆ ಅಕ್ಟೋಬರ್ ಇನ್ನೂ ದೂರ, ಬೆಳಗು ದಿನಾ ಆಗುತ್ತದೆ. ಅದಕ್ಕೆ ಅವಳು ಸಂತೆಯಿಂದ ಒಂದು ಕೆಂಪು ಹುಂಜ ತಂದಳು. ಬೆಳಿಗ್ಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೇಲಿಯ ಉದ್ದಕ್ಕೂ ಗಂಡನಿಗಿಂತ ಮುಂದೆ ನಡೆಯುತ್ತಾಳೆ. ಹುಂಜದ ಕತ್ತು ವಾಲಿದರೆ ಇಬ್ಬರೂ ಹಿಂದಕ್ಕೆ ಓಡಬೇಕು, ಅದು ಸ್ಟಕಿಯವರ ಮನೆಯ ನಿಯಮ. ಅದನ್ನು ರದ್ದು ಮಾಡಲು ಯಾರೂ ಕೈಯೆತ್ತುವಂತಿಲ್ಲ. ಹುಂಜಕ್ಕೆ ಹೆಸರಿಟ್ಟವಳೂ ಅವಳೇ.

"ಬ್ಲೇಲಾಕ್ ಹೆಂಗಿದಾನೆ?" ಎಂದು ಹಿಂದಿನಿಂದ ವರ್ಲಿನ್ ಕೇಳುತ್ತಾನೆ.

"ಇನ್ನೂ ಕತ್ತು ನೆಟ್ಟಗಿದೆ" ಎನ್ನುತ್ತಾಳೆ ಓಪಲ್. "ಬೇಗ ನಡಿ."